ಬಟ್ಟೆ ವ್ಯಾಪಾರಿ ಲೆರೊನ ಲೆಕ್ಕ

ದಸರಾ ರಜೆಯಲ್ಲಿ ಗುಸ್ತಾವ್ ಫ್ಲೋಬೇರ್ ಬರೆದ ‘ಮದಾಮ್ ಬೊವಾರಿ’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. 1857ರಲ್ಲಿ ಫ್ರಾನ್ಸಿನಲ್ಲಿ ಪುಸ್ತಕವಾಗಿ ಬಂದದ್ದು. ಹಳ್ಳಿ ವೈದ್ಯ ಶಾರ್ಲ್‌ನ ಹೆಂಡತಿ ಎಮ್ಮಾ ಸಂಸಾರದಲ್ಲಿ ಬೇಸತ್ತು, ಇಬ್ಬರು ಗಂಡಸರನ್ನು ನಂಬಿ, ಕೊನೆಗೆ ವಿಷ ತಿನ್ನುತ್ತಾಳೆ. ಕತೆ ಹೇಳಿದಾಗ ನನ್ನ ಗೆಳತಿಯರು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಕ್ಕುಬಿಟ್ಟರು. ನಾನು ಒಪ್ಪಲಿಲ್ಲ. ವಾಣಿಜ್ಯ ವಿಭಾಗದವಳಾದ ನನ್ನ ಕಣ್ಣು ಬಿದ್ದದ್ದು ಬಟ್ಟೆ ವ್ಯಾಪಾರಿ ಲೆರೊನ ಮೇಲೆ. (ಆ ಹೆಸರಿಗೆ ಫ್ರೆಂಚಿನಲ್ಲಿ ‘ಸುಖಿ’ ಎಂಬ ಅರ್ಥವೂ ಇದೆ!)

ಅವನು ಬರುವುದು ಕೆಲವೇ ಪುಟಗಳಲ್ಲಿ. ಮೊದಲ ದಿನ ಶಾಲುಗಳನ್ನು ಹರಡಿ ತೋರಿಸುತ್ತಾನೆ, ಕೊಳ್ಳಿ ಎಂದು ಒತ್ತಾಯಿಸುವುದಿಲ್ಲ. ಹಣ ಆಮೇಲೆ ಕೊಟ್ಟರಾಯಿತು, ಬೇಕಾದರೆ ನಾನೇ ಕೊಡುತ್ತೇನೆ ಎನ್ನುತ್ತಾನೆ. ನನಗೆ ಅಲ್ಲೇ ಅನುಮಾನ ಬಂತು. ಎಮ್ಮಾ ಅಂದು ಏನೂ ಕೊಳ್ಳಲಿಲ್ಲ, ಆಮೇಲೆ ಕೊಂಡಳು. ಅವಳು ಕಾಯಿಲೆ ಬಿದ್ದಾಗ ಶಾರ್ಲ್ 1,000 ಫ್ರಾಂಕ್ ಸಾಲ ಪಡೆದು, ವರ್ಷಕ್ಕೆ 1,070 ಕೊಡುವುದಾಗಿ ಸಹಿ ಹಾಕುತ್ತಾನೆ. ಲೆಕ್ಕ ಹಾಕಿದರೆ ದರ ಅಂಥಾ ಹೆಚ್ಚೇನಲ್ಲ. ಆದರೆ ಇವರು ಗಡುವಿಗೆ ತೀರಿಸಬಾರದು, ಪತ್ರ ನವೀಕರಿಸಬೇಕು ಎಂಬುದೇ ಲೆರೊನ ಆಸೆ.

ಅವನ ಜಾಣತನ ಇನ್ನೊಂದಿದೆ. ಪತ್ರಗಳನ್ನು ರೂಆನ್ ನಗರದ ವ್ಯಾಂಸಾರ್ ಎಂಬವನಿಗೆ ದಾಟಿಸುತ್ತಾನೆ. ಎಮ್ಮಾ ಬೇಡಿಕೊಂಡರೆ ‘ನನ್ನ ಕೈಯಲ್ಲೇನಿದೆ, ಎಲ್ಲ ವ್ಯಾಂಸಾರ್‌ದು’ ಎಂಬ ಧಾಟಿಯ ಉತ್ತರ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಬಿಲ್ಲು ದಾಟಿಸುವುದೆಂದರೆ ಎರಡು ಸಾಲಿನ ಜರ್ನಲ್ ನಮೂದು. ಇಲ್ಲಿ ಮಾತ್ರ, ಸಾಲಗಾರಳಿಗೆ ಬೇಡಿಕೊಳ್ಳಲು ಎದುರಿಗೆ ಒಂದು ಮುಖವೂ ಇಲ್ಲದಂತೆ ಮಾಡುವ ಉಪಾಯ.

ಮಾವ ತೀರಿಕೊಂಡ ಮೇಲೆ ಗಂಡನಿಂದ ಮುಖ್ತಾರನಾಮೆ ಬರೆಸಿಕೊಳ್ಳುವಂತೆ ಸೂಚಿಸುವವನೂ ಇವನೇ. ಅಲ್ಲಿಗೆ ಶಾರ್ಲ್‌ಗೆ ಏನೂ ತಿಳಿಯಬೇಕಾಗಿಲ್ಲ. ರೂಆನ್‌ನಲ್ಲಿ ಎಮ್ಮಾ ಪ್ರಿಯಕರನ ತೋಳು ಹಿಡಿದು ಬರುವುದನ್ನು ಕಂಡಾಗಲೂ ಲೆರೊ ಊರಲ್ಲಿ ಹೇಳಿಕೊಂಡು ತಿರುಗುವುದಿಲ್ಲ. ಮೂರು ದಿನ ಬಿಟ್ಟು ಅವಳ ಕೋಣೆಗೆ ಬಂದು, ಬಾಗಿಲು ಮುಚ್ಚಿ, ಹಣ ಬೇಕು ಎನ್ನುತ್ತಾನೆ. ಅವಳ ಗುಟ್ಟೇ ಅವನಿಗೆ ಜಾಮೀನು. ಕೊನೆಗೆ 8,000 ಫ್ರಾಂಕ್‌ಗೆ ಜಪ್ತಿ.

ಎಮ್ಮಾ ಅಮಾಯಕಳು ಎಂದು ನಾನು ಹೇಳುತ್ತಿಲ್ಲ. ಗಂಡನ ರೋಗಿಗಳಿಂದ ಗುಟ್ಟಾಗಿ ಹಣ ವಸೂಲಿ ಮಾಡಿದಳು, ಎಷ್ಟು ಸಾಲವಾಗಿದೆ ಎಂದು ಆಗಾಗ ಕೂಡಿಸಲು ಹೊರಟರೂ ಗೊಂದಲವಾಗಿ ಅರ್ಧಕ್ಕೇ ಬಿಟ್ಟುಬಿಟ್ಟಳು. ಆದರೆ ಪ್ರೇಮ ಮುರಿದಾಗ ಅವಳು ಕಾಯಿಲೆ ಬಿದ್ದು ಮತ್ತೆ ಎದ್ದಿದ್ದಳು. ಜಪ್ತಿಯ ನಂತರ ಏಳಲಿಲ್ಲ.

ಮುಖ್ತಾರನಾಮೆ, ಜಾಮೀನು, ಜಪ್ತಿ, ವಸೂಲಿ. ಇವು ಕನ್ನಡದ ಕಾಗದಪತ್ರಗಳಲ್ಲೂ ಇವೆ, ಉರ್ದು ಮಾತಾಡುವ ನಮ್ಮ ಮನೆಯಲ್ಲೂ ಇವೆ. ಅದಕ್ಕೇ ಇರಬೇಕು, ಆ ದೂರದ ಊರು ನನಗೆ ದೂರ ಅನ್ನಿಸಲಿಲ್ಲ. ನಮ್ಮ ಓಣಿಗೂ ತಿಂಗಳಿಗೊಮ್ಮೆ ಒಬ್ಬರು ಬೈಕಿನಲ್ಲಿ ಬಟ್ಟೆಗಂಟು ತರುತ್ತಾರೆ. ‘ಪೈಸೇ ಬಾದ್ ಮೇ ದೇವ್, ಆಪಾ’ ಎನ್ನುತ್ತಾರೆ. ಬಡ್ಡಿಯ ಹಣವೆಂದರೆ ಅಬ್ಬಾ ಮುಟ್ಟುವುದಿಲ್ಲ. ಕಂತಿನ ಬಟ್ಟೆಗೆ ಬಡ್ಡಿ ಇಲ್ಲವಲ್ಲ, ಬೆಲೆ ಮಾತ್ರ ಅಂಗಡಿಗಿಂತ ಜಾಸ್ತಿ! ಅವರು ಲೆರೊನಂಥವರೇ ಎಂದು ಹೇಳಲಾರೆ, ಒಳ್ಳೆಯವರೇ ಇರಬಹುದು. ಆದರೆ ಎಷ್ಟು ಕೊಟ್ಟೆವು, ಎಷ್ಟು ಬಾಕಿ ಎಂಬುದು ಅವರ ಪುಸ್ತಕದಲ್ಲಿ ಮಾತ್ರ ಇತ್ತು. ಅಮ್ಮಿಯನ್ನು ಕೇಳಿದರೆ ‘ಅವರಿಗೆ ಗೊತ್ತಿದೆ ಬಿಡು’ ಎಂದರು.

ಈಗ ನನ್ನ ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಮ್ಮಿಯ ಹೆಸರಿನ ಖಾತೆ ತೆರೆದಿದ್ದೇನೆ. ಬರುವ ಭಾನುವಾರ ಅವರು ಬಂದಾಗ ಎರಡೂ ಪುಸ್ತಕ ತಾಳೆ ನೋಡಬೇಕು. ಅಬ್ಬಾ ಎದುರಿಗೆ ಬೇಡ ಎಂದಿದ್ದಾರೆ ಅಮ್ಮಿ.