ಕೆಂಪು ಮಣಿಗಳ ಕಾರ್ಖಾನೆ

ಭಾಷಣಕಾರನ ಮಾತು ವೇದಿಕೆಯ ಮೇಲೆ ಮುಗಿಯುತ್ತದೆ. ಸಭಿಕರ ಮಾತು ಆರಂಭವಾಗುವುದು ಆಮೇಲೆ. ಕಾವ್ಯವನ್ನೋ ವೇದಾಂತವನ್ನೋ ಕುರಿತ ಉಪನ್ಯಾಸವಾದರೆ "ಬಹು ಸೊಗಸಾಗಿತ್ತು" ಎಂದು ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು ಮನೆಯ ದಾರಿ ಹಿಡಿಯಬಹುದು. ಉಪನ್ಯಾಸದ ವಿಷಯ ಕೆಲಸದ ಸ್ಥಳದ ಆಡಳಿತವಾಗಿ, ಕೇಳುವವರೇ ಆಡಳಿತಗಾರರಾದರೆ ಅವರ ಪಾಡು ಬೇರೆ. ನಾಳೆ ಬೆಳಗ್ಗೆ ಅದೇ ಕುರ್ಚಿಯಲ್ಲಿ ಕುಳಿತು ಅದೇ ಕಾಗದಗಳಿಗೆ ರುಜು ಹಾಕಬೇಕಾದವರು ಅವರು. ಅಂಥವರನ್ನು ಮೊದಲು ಹೊಟ್ಟೆತುಂಬ ನಗಿಸಿ, ಬಳಿಕ ಆ ನಗೆಯನ್ನೇ ಅವರಿಂದ ಕಸಿದುಕೊಂಡ ವೃದ್ಧರೊಬ್ಬರಿದ್ದರು.

ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು, ಹುಟ್ಟಿದ್ದು 1900ರಲ್ಲಿ. 1980ರ ದಶಕದಲ್ಲಿ, ತಮ್ಮ ಎಂಬತ್ತನೆಯ ವಯಸ್ಸು ದಾಟಿದ ಮೇಲೆ, ಅವರು ಊರೂರು ಸುತ್ತಿ ನಾಲ್ಕು ನಾಲ್ಕು ದಿನಗಳ ಉಪನ್ಯಾಸಮಾಲೆಗಳನ್ನು ನಡೆಸುತ್ತಿದ್ದರು. ಹಣ ತೆತ್ತು ಕೇಳಲು ಬರುತ್ತಿದ್ದವರು ಬಹುಮಟ್ಟಿಗೆ ದೊಡ್ಡ ಕಂಪೆನಿಗಳ ಮ್ಯಾನೇಜರುಗಳು, ಇಂಜಿನಿಯರುಗಳು. ಉಪನ್ಯಾಸದ ನಡುವೆ ಒಂದು ಆಟ. ಸಭೆಯಿಂದ ಆರು ಮಂದಿ ಮೇಲೆ ಬರಬೇಕು, ಅವರು ಕೂಲಿಗಳು. ಇಬ್ಬರು ತನಿಖೆದಾರರು, ಅವರ ಮೇಲೊಬ್ಬ ಮುಖ್ಯ ತನಿಖೆದಾರ, ಲೆಕ್ಕ ಬರೆಯುವುದಕ್ಕೆ ಒಬ್ಬ ಗುಮಾಸ್ತ. ಮೇಸ್ತ್ರಿ ಸ್ವತಃ ಡೆಮಿಂಗ್. ಎದುರಿಗೆ ಒಂದು ಪೆಟ್ಟಿಗೆ. ಅದರೊಳಗೆ 3,200 ಬಿಳಿಯ ಮಣಿಗಳು, 800 ಕೆಂಪು ಮಣಿಗಳು. ನಮ್ಮ ಅಳಗುಳಿಮಣೆಯಂತೆ ಗುಳಿ ತೋಡಿದ ಒಂದು ಸಣ್ಣ ಹಲಗೆ. ಅದರಲ್ಲಿ 50 ಗುಳಿಗಳು. ಹಲಗೆಯನ್ನು ಮಣಿಗಳೊಳಗೆ ಅದ್ದಿ ಎತ್ತಿದರೆ ಗುಳಿಗೊಂದರಂತೆ 50 ಮಣಿಗಳು ಕುಳಿತು ಬರುತ್ತವೆ. ಗಿರಾಕಿಗೆ ಬೇಕಾದದ್ದು ಬಿಳಿಯ ಮಣಿ. ಕೆಂಪು ಬಂದರೆ ಅದು ದೋಷ.

ಹಲಗೆಯನ್ನು ಹೇಗೆ ಹಿಡಿಯಬೇಕು, ಎಷ್ಟು ಓರೆ ಮಾಡಬೇಕು ಎಂಬುದಕ್ಕೆಲ್ಲ ಕಟ್ಟಪ್ಪಣೆ ಇತ್ತು. ಓರೆ 44 ಡಿಗ್ರಿ, ನಲವತ್ತೈದಲ್ಲ! ಅಲುಗಿಸಕೂಡದು, ಪ್ರಶ್ನೆ ಕೇಳಕೂಡದು, ಸಲಹೆ ಕೊಡಕೂಡದು. ಮೊದಲನೆಯವನು ಅದ್ದಿ ಎತ್ತುತ್ತಾನೆ. ಕೆಂಪು ಒಂಬತ್ತೋ ಹತ್ತೋ. ಮತ್ತೊಬ್ಬನಿಗೆ ಹದಿನಾಲ್ಕು. ಮೇಸ್ತ್ರಿಯ ಹುಬ್ಬು ಗಂಟಿಕ್ಕುತ್ತದೆ. ಇನ್ನೊಬ್ಬಳಿಗೆ ಐದೋ ಆರೋ ಬಂದರೆ, "ನೋಡಿ, ಮನಸ್ಸಿಟ್ಟು ಕೆಲಸ ಮಾಡುವುದೆಂದರೆ ಹೀಗೆ" ಎಂಬ ಪ್ರಶಂಸೆ, ಸಂಬಳದ ಬಡತಿ. ಮರುದಿನದ ಸರದಿಯಲ್ಲಿ (ಆಟದ ದಿನವೆಂದರೆ ಕೆಲವು ನಿಮಿಷ) ಅದೇ ಹೆಂಗಸಿಗೆ ಹನ್ನೆರಡು ಬಂದರೆ, ಬಡತಿ ಸಿಕ್ಕೊಡನೆ ತಲೆ ತಿರುಗಿತೆಂಬ ಆಪಾದನೆ. ಹದಿನಾಲ್ಕರವನು ಈ ಸಲ ಎಂಟಕ್ಕೆ ಇಳಿದರೆ ಅದು ಮೇಸ್ತ್ರಿಯ ಗದರಿಕೆಯ ಮಹಿಮೆ! ಘೋಷಣೆಗಳು, ಎಚ್ಚರಿಕೆಗಳು, ಕೊನೆಗೆ ಕಾರ್ಖಾನೆ ಮುಚ್ಚುವ ಬೆದರಿಕೆ. ಕಟ್ಟಕಡೆಗೆ ಆರರಲ್ಲಿ 'ದಕ್ಷ'ರಾದ ಮೂವರನ್ನು ಉಳಿಸಿಕೊಂಡು, ಮಿಕ್ಕ ಮೂವರನ್ನು ಮನೆಗೆ ಕಳುಹಿಸಿ, ಉಳಿದವರಿಂದ ಇಮ್ಮಡಿ ದುಡಿಸಿಕೊಳ್ಳುವ ಉಪಾಯ. ಕೆಂಪು ಮಣಿಗಳು ಬರುವಷ್ಟು ಬಂದೇ ಬರುತ್ತವೆ.

ಇದೆಲ್ಲ ನಡೆಯುವಾಗ ಸಭೆ ಬಿದ್ದು ಬಿದ್ದು ನಗುತ್ತಿತ್ತು. ಐದರಲ್ಲೊಂದು ಮಣಿ ಕೆಂಪಾಗಿರುವ ಪೆಟ್ಟಿಗೆಯಿಂದ ಐವತ್ತು ಎತ್ತಿದರೆ ಸುಮಾರು ಹತ್ತು ಕೆಂಪು ಬರುವುದು ಸಹಜ. ಒಮ್ಮೆ ಆರು, ಒಮ್ಮೆ ಹದಿನಾಲ್ಕು ಬರುವುದು ಅದೃಷ್ಟದ ಆಟ. ಕೂಲಿಯ ಶ್ರದ್ಧೆಗೂ ಅದಕ್ಕೂ ಸಂಬಂಧವಿಲ್ಲವೆಂಬುದು ಶಾಲೆಯ ಹುಡುಗನಿಗೂ ಗೊತ್ತು. ಅದು ಗೊತ್ತಿಲ್ಲದಂತೆ ಗಂಭೀರವಾಗಿ ಗದರುವ ಮುದುಕನನ್ನು ಕಂಡರೆ ಯಾರಿಗೆ ನಗು ಬಾರದು?

ಆಟ ಮುಗಿದ ಮೇಲೆ ಡೆಮಿಂಗ್ ಲೆಕ್ಕದ ಹಾಳೆಯನ್ನು ತೋರಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಕೆಂಪು ಮಣಿಗಳನ್ನು ತುಂಬಿದವರಾರು? ಕೂಲಿಗಳಲ್ಲ. ಪದ್ಧತಿಯನ್ನು ರೂಪಿಸಿದವರು, ಕಚ್ಚಾ ಸಾಮಗ್ರಿಯನ್ನು ಕೊಂಡವರು ಮೇಲಿನವರು. ಹಾಗಾದರೆ ವರ್ಷಕ್ಕೊಮ್ಮೆ ಪ್ರತಿಯೊಬ್ಬ ನೌಕರನಿಗೂ ಅಂಕ ಹಾಕಿ, ಮೇಲಿನವನಿಗೆ ಬಡತಿ, ಕೆಳಗಿನವನಿಗೆ ಎಚ್ಚರಿಕೆ ಕೊಡುತ್ತೀರಲ್ಲ, ಅಲ್ಲಿ ನೀವು ಅಳೆಯುತ್ತಿರುವುದು ಮನುಷ್ಯನನ್ನೋ ಪೆಟ್ಟಿಗೆಯನ್ನೋ? ನಗೆ ನಿಲ್ಲುತ್ತಿದ್ದುದು ಇಲ್ಲಿ. ವಾರ್ಷಿಕ ಅಂಕಪದ್ಧತಿಯನ್ನು ಅವರು ಉದ್ಯಮದ ಮಾರಕ ರೋಗಗಳ ಪಟ್ಟಿಗೇ ಸೇರಿಸಿದ್ದರು. ಅದನ್ನು ತೆಗೆದುಹಾಕಿದರೆ ಸಂಬಳವನ್ನು ಹೇಗೆ ನಿರ್ಧರಿಸುವುದು, ಸೋಮಾರಿಯನ್ನು ಹೇಗೆ ಗುರುತಿಸುವುದು ಎಂಬುದು ಮ್ಯಾನೇಜರುಗಳ ಸಹಜವಾದ ಶಂಕೆ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಮಣಿ ಎತ್ತುವುದಕ್ಕೆ ಕೌಶಲ ಬೇಡ. ಕಡತ ಬರೆಯುವುದಕ್ಕೂ ಯಂತ್ರ ನಡೆಸುವುದಕ್ಕೂ ಬೇಕು. ಆದರೆ ಡೆಮಿಂಗರ ಅಂದಾಜಿನಂತೆ ತೊಂದರೆಗಳಲ್ಲಿ ನೂರಕ್ಕೆ 94 ಪಾಲು ವ್ಯವಸ್ಥೆಯದು, ವ್ಯವಸ್ಥೆಯನ್ನು ನಡೆಸುವವರದು. ಉಳಿದ ಆರನ್ನೇ ಹಿಡಿದುಕೊಂಡು ವರ್ಷವಿಡೀ ಗದರುವುದೇಕೆ ಎಂಬುದು ಅವರ ಪ್ರಶ್ನೆ.

ಸಭೆಯಲ್ಲಿ ಯಾರು ಕುಳಿತಿದ್ದಾರೆಂಬುದು ಎಷ್ಟು ಮುಖ್ಯವೆಂಬುದನ್ನು ಅವರು ಬಹು ಹಿಂದೆಯೇ, ಪೆಟ್ಟು ತಿಂದು ಕಲಿತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಾವಿರಾರು ಇಂಜಿನಿಯರುಗಳು ಗುಣನಿಯಂತ್ರಣದ ಪಾಠಗಳನ್ನು ಉತ್ಸಾಹದಿಂದ ಕೇಳಿದ್ದರು. ಯುದ್ಧ ಮುಗಿದೊಡನೆ ಆ ಉತ್ಸಾಹವೂ ಆರಿತು. ಏಕೆಂದರೆ ಕಂಪೆನಿಗಳ ಯಜಮಾನರು ಪಾಠಕ್ಕೆ ಬಂದೇ ಇರಲಿಲ್ಲ. 1950ರ ಬೇಸಗೆಯಲ್ಲಿ ಜಪಾನಿನ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಒಕ್ಕೂಟ ಅವರನ್ನು ಉಪನ್ಯಾಸಗಳಿಗೆ ಕರೆಸಿಕೊಂಡಾಗ, ಅದೇ ಕಥೆ ಮರುಕಳಿಸಬಾರದೆಂದು ಅವರು ಪಟ್ಟುಹಿಡಿದರು. ಟೋಕಿಯೋದಲ್ಲಿ ಇಂಜಿನಿಯರುಗಳಿಗೆ ಎಂಟು ದಿನಗಳ ಪಾಠವಾಯಿತು, ನಿಜ. ಅದರ ಜೊತೆಗೆ, ಉದ್ಯಮಿಗಳ ಮಹಾಮಂಡಲದ ಅಧ್ಯಕ್ಷರಾದ ಇಚಿರೊ ಇಷಿಕಾವಾ ಅವರ ಕರೆಗೆ ಓಗೊಟ್ಟು ದೊಡ್ಡ ದೊಡ್ಡ ಉದ್ಯಮಗಳ ಅಧಿಪತಿಗಳೂ ಬಂದು ಎದುರಿಗೆ ಕುಳಿತರು.

ಅದು ಸೋತ ದೇಶ. ಜಪಾನಿನ ಸಾಮಾನೆಂದರೆ ಅಗ್ಗದ್ದು, ಬಾಳದ್ದು ಎಂಬ ಅಪಕೀರ್ತಿ ಲೋಕವೆಲ್ಲ ಹಬ್ಬಿತ್ತು. ಐದು ವರ್ಷಗಳಲ್ಲಿ ನಿಮ್ಮ ಸರಕಿಗಾಗಿ ಹೊರದೇಶಗಳು ಕೈಚಾಚುತ್ತವೆ ಎಂದು ಡೆಮಿಂಗ್ ಹೇಳಿದಾಗ ಆ ಸಭಿಕರು ನಗಲಿಲ್ಲ, ವಾದಿಸಲಿಲ್ಲ. ನಂಬಿದರೆಂದಲ್ಲ, ಆ ವರ್ಷ ಜಪಾನಿನಲ್ಲಿ ಆ ಮಾತನ್ನು ನಂಬಿದ್ದವನು ತಾನೊಬ್ಬನೇ ಎಂದು ಅವರು ಮುಂದೆ ಹೇಳಿಕೊಳ್ಳುತ್ತಿದ್ದರು. ನಂಬದೆಯೂ ಆ ಜನ ಕೆಲಸಕ್ಕೆ ತೊಡಗಿದ್ದು ಸೋಜಿಗ. ಕಳೆದುಕೊಳ್ಳಲು ಹೆಚ್ಚೇನೂ ಉಳಿಯದವರಿಗೆ ತಮ್ಮ ತಪ್ಪನ್ನು ಕೇಳಿಸಿಕೊಳ್ಳುವುದು ಸುಲಭವೋ ಏನೋ. ಉಪನ್ಯಾಸಗಳು ಪುಸ್ತಕವಾಗಿ ಬಂದವು. ಡೆಮಿಂಗ್ ಅದರ ಗೌರವಧನವನ್ನು ಒಕ್ಕೂಟಕ್ಕೇ ಬಿಟ್ಟುಕೊಟ್ಟರು. 1951ರಲ್ಲಿ ಅವರ ಹೆಸರಿನ ಬಹುಮಾನ ಸ್ಥಾಪಿತವಾಯಿತು. ಟೊಯೋಟಾ ಅದನ್ನು ಪಡೆದದ್ದು 1965ರಲ್ಲಿ. ಜಪಾನಿನ ಏಳಿಗೆಯನ್ನೆಲ್ಲ ಒಬ್ಬ ಪರದೇಶಿಯ ಉಪನ್ಯಾಸಕ್ಕೆ ಗಂಟುಹಾಕುವುದು ಅತಿಶಯೋಕ್ತಿಯೇ ಸರಿ, ದುಡಿದವರು ಜಪಾನೀಯರು.

ತಾಯ್ನಾಡಿನಲ್ಲಿ ಮಾತ್ರ ಡೆಮಿಂಗರನ್ನು ಬಲ್ಲವರು ಬಹಳವಿರಲಿಲ್ಲ. 1980ರ ಜೂನ್ 24ರಂದು ಎನ್‌ಬಿಸಿ ದೂರದರ್ಶನವು, ಜಪಾನಿಗೆ ಸಾಧ್ಯವಾದದ್ದು ನಮಗೇಕೆ ಆಗದು ಎಂದು ಪ್ರಶ್ನಿಸುವ ಚಿತ್ರವೊಂದನ್ನು ತೋರಿಸಿತು. ಅದರಲ್ಲಿ ಈ ಮುದುಕ ಕಾಣಿಸಿಕೊಂಡದ್ದೇ ತಡ, ವಾಷಿಂಗ್‌ಟನ್ನಿನ ಅವರ ಮನೆಗೆ ಕರೆಯ ಮೇಲೆ ಕರೆ. ಮರುವರ್ಷ ಫೋರ್ಡ್ ಕಂಪೆನಿಯೂ ಕರೆಸಿಕೊಂಡಿತು. ಕಾರುಗಳ ದೋಷವನ್ನು ಕುರಿತು ಕೇಳಲು ಕುಳಿತವರಿಗೆ ಆಡಳಿತದ ದೋಷವನ್ನು ಕುರಿತ ಮಾತು ಕೇಳಿಬಂತು. ಮೂವತ್ತು ವರ್ಷ ತಡವಾಗಿಯಾದರೂ ಯಜಮಾನರು ಪಾಠಕ್ಕೆ ಬಂದರು.

ಪಾಠ ಎಷ್ಟು ಹತ್ತಿತೆಂಬುದು ಬೇರೆ ಮಾತು. ಮಣಿಯಾಟವನ್ನು ಕಂಡು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟೋ ಮಂದಿ ಊರಿಗೆ ಮರಳಿ ಅದೇ ಅಂಕಪಟ್ಟಿಗಳನ್ನು ತುಂಬಿರಬೇಕು. ಡೆಮಿಂಗ್ ತೀರಿಕೊಂಡದ್ದು 1993ರ ಡಿಸೆಂಬರಿನಲ್ಲಿ. ನೌಕರರನ್ನು ಮೇಲು, ನಡು, ಕೆಳಗು ಎಂದು ಕಡ್ಡಾಯವಾಗಿ ವಿಂಗಡಿಸುವ ಕ್ರಮವನ್ನು ಮೈಕ್ರೋಸಾಫ್ಟ್ ಕೈಬಿಟ್ಟದ್ದು 2013ರಲ್ಲಿ, ಅವರು ಹೋದ ಇಪ್ಪತ್ತು ವರ್ಷಗಳ ಮೇಲೆ.

ನಗುತ್ತ ಕುಳಿತಿದ್ದ ಸಭಿಕರ ಮಾತು ಹಾಗಿರಲಿ. ವೇದಿಕೆಯ ಮೇಲೆ ಕೂಲಿಗಳಾಗಿ ನಿಂತಿದ್ದವರ ಮಾತನ್ನು ಯಾರು ಕೇಳಬೇಕು? ಅವರಲ್ಲಿ ಒಬ್ಬ ಮಹಿಳೆ ತನ್ನ ಅನುಭವವನ್ನು ಬರೆದು ಡೆಮಿಂಗರಿಗೆ ಕಳುಹಿಸಿದಳು. ಅವರು ಆ ಪತ್ರವನ್ನು ತಮ್ಮ ಕೊನೆಯ ಪುಸ್ತಕದಲ್ಲಿ ಸೇರಿಸಿದರು. ಅದು ಆಟವೆಂಬುದು ಆಕೆಗೆ ಗೊತ್ತಿತ್ತು. ಆ ಪೆಟ್ಟಿಗೆಯಿಂದ ಬಿಳಿಯ ಮಣಿಗಳನ್ನಷ್ಟೇ ತೆಗೆಯುವುದು ಯಾರಿಗೂ ಸಾಧ್ಯವಿಲ್ಲವೆಂಬುದೂ ಗೊತ್ತಿತ್ತು. ಸಂಬಳವಿರಲಿಲ್ಲ, ಕಳೆದುಕೊಳ್ಳುವ ನೌಕರಿಯಿರಲಿಲ್ಲ. ಆದರೂ ಹಲಗೆ ಕೈಗೆ ಬಂದಾಗ, ಉಳಿದವರು ತನ್ನನ್ನೇ ನೆಚ್ಚಿದ್ದಾರೆ, ಇನ್ನಷ್ಟು ಪ್ರಯತ್ನಪಟ್ಟರೆ ಆದೀತು ಎಂದೇ ಆಕೆಗೆ ಅನಿಸುತ್ತಿತ್ತು. ಬುದ್ಧಿ ಆಗದೆನ್ನುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ.