ತಗಡಿನ ಮನೆಗೂ ತಂಪಿನ ಹಕ್ಕುಂಟು

ಬೀದರ ಜಿಲ್ಲೆಯ ಹುಲಸೂರ ಸೀಮೆಯ ಹಳೆಯ ಮನೆಗಳು ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳಿಂದ ಬೇಸಿಗೆಯ ಬೇಗೆಯನ್ನು ತಡೆಯುತ್ತವೆ. ಕಾರ್ಖಾನೆಯಿಂದ ಸಿದ್ಧವಾಗಿ ಬರುವ ತಗಡಿನ ಮನೆ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಆದರೆ ಹಗಲೆಲ್ಲ ಫ್ಯಾನು ತಿರುಗಿದರೂ ಒಳಗೆ ತಂಪಿರದು. ಮಲೆನಾಡಿನಲ್ಲಿ ಅದೇ ತಗಡು ಚಳಿಯನ್ನೂ ತಡೆಯಲಾರದು.

ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ‘ಇಕೋ ನಿವಾಸ್ ಸಂಹಿತೆ’ಯು ಛಾವಣಿಯ ಮೂಲಕ ಒಳನುಗ್ಗುವ ಶಾಖಕ್ಕೆ ಮಿತಿ ವಿಧಿಸಿತು. ಆದರೆ 500 ಚದರ ಮೀಟರಿಗಿಂತ ಚಿಕ್ಕ ನಿವೇಶನಗಳನ್ನು ಹೊರಗಿಟ್ಟಿತು. ಹೀಗೆ ಬಡವರ ಮನೆಯೇ ನಿಯಮದ ರಕ್ಷಣೆಯಿಂದ ವಂಚಿತವಾಯಿತು.

ನೆರೆ, ಭೂಕುಸಿತಗಳ ಸಂತ್ರಸ್ತರಿಗೆ ಸಿದ್ಧ ಮನೆ ನೀಡುವಾಗ ಎರಡು ತಗಡುಗಳ ನಡುವೆ ಶಾಖರೋಧಕ ಪದರ, ಎದುರುಬದುರು ಕಿಟಕಿ, ಬಯಲುಸೀಮೆಯಲ್ಲಿ ಛಾವಣಿಗೆ ಬಿಳಿ ಬಣ್ಣ ಕಡ್ಡಾಯವಾಗಬೇಕು. ಪ್ರತಿ ಗ್ರಾಮಸಭೆಯೂ ಇದನ್ನು ಠರಾವಾಗಿ ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸಲಿ.