ಅಮ್ಮನ ಉಲ್ಲನ್ ಚೀಲ ಅಟ್ಟ ಸೇರದಿರಲಿ

‘ಅಮ್ಮನಿಗೆ ರಾತ್ರಿ ನಿದ್ರೆಯೇ ಬರುವುದಿಲ್ಲ ಡಾಕ್ಟರೇ. ಒಂದು ದಿನ ಮಂಡಿನೋವು ಅಂತಾರೆ, ಮರುದಿನ ಎದೆ ಭಾರ ಅಂತಾರೆ. ಎಲ್ಲ ಪರೀಕ್ಷೆಯೂ ಮಾಡಿಸಿ ಆಯಿತು’ ಎನ್ನುತ್ತ ಮಗ ದಪ್ಪ ಫೈಲೊಂದನ್ನು ಮೇಜಿನ ಮೇಲಿಟ್ಟರು. ಇ.ಸಿ.ಜಿ., ಥೈರಾಯ್ಡ್, ರಕ್ತದ ಸಕ್ಕರೆ ಎಲ್ಲವೂ ಸರಿಯಾಗಿಯೇ ಇದ್ದವು. ರಕ್ತದೊತ್ತಡ ಸ್ವಲ್ಪ ಹೆಚ್ಚಿತ್ತು; ಅದಕ್ಕೆ ಆಗಲೇ ಮಾತ್ರೆ ನಡೆಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ತಾಯಿಗೆ 64 ವರ್ಷ. ಯಜಮಾನರು ತೀರಿಕೊಂಡ ಮೇಲೆ ಸಾಗರದ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಗನ ಮನೆಗೆ ಬಂದು ಒಂದು ವರ್ಷವಾಗಿತ್ತು.

‘ಊರಿನಲ್ಲಿ ಮಧ್ಯಾಹ್ನದ ಹೊತ್ತು ಹೇಗೆ ಕಳೆಯುತ್ತಿದ್ದಿರಿ?’ ಎಂದು ಕೇಳಿದೆ. ಅಲ್ಲಿಯವರೆಗೆ ಹೌದು, ಇಲ್ಲ ಎಂದಷ್ಟೇ ಹೇಳುತ್ತಿದ್ದವರು ಸ್ವಲ್ಪ ಮುಂದಕ್ಕೆ ಸರಿದು ಕುಳಿತರು. ‘ನಾವು ನಾಲ್ಕು ಜನ ಗೆಳತಿಯರು ನಮ್ಮ ಮನೆ ಜಗಲಿಯಲ್ಲಿ ಸೇರ್ತಿದ್ವಿ. ಸ್ವೆಟರ್ ಹಾಕ್ತಾ ಕೂರೋದು. ಯಾರದು ಎಷ್ಟಾಯ್ತು ಅಂತ ನೋಡೋದು. ಪೇಟೆಗೆ ಹೋದವರು ಹೊಸ ಉಲ್ಲನ್ ತಂದಿದ್ರೆ ಅದನ್ನ ನೋಡೋದು. ಲೈಬ್ರರಿಯಿಂದ ಒಬ್ಬರು ತಂದ ಕಾದಂಬರಿ ನಾಲ್ಕೂ ಮನೆ ಸುತ್ತಿ ಬರ್ತಿತ್ತು.’

ಮಗ ನಕ್ಕರು. ‘ಇಲ್ಲಿಗೂ ಉಲ್ಲನ್ ಚೀಲ ತಂದಿದ್ದರು. ಈಗ ಯಾರು ಹಾಕಿಕೊಳ್ಳುತ್ತಾರೆ? ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಸುಮ್ಮನೆ ಕಣ್ಣಿಗೆ ಶ್ರಮ ಅಂತ ಅಟ್ಟಕ್ಕೆ ಹಾಕಿದೆವು.’

ಅವರು ಒಳ್ಳೆಯ ಮಗ. ತಾಯಿಯ ಪರೀಕ್ಷೆಗಳಿಗೆ ಸಾವಿರಾರು ರೂಪಾಯಿ ಖರ್ಚು ಮಾಡಿದ್ದರು, ಕಚೇರಿಗೆ ರಜೆ ಹಾಕಿ ಕರೆತಂದಿದ್ದರು. ಆದರೆ ತಾಯಿಯ ದಿನಚರಿಯಿಂದ ಏನು ಹೊರಟುಹೋಗಿದೆ ಎಂಬುದು ಮಾತ್ರ ಅವರ ಗಮನಕ್ಕೆ ಬಂದಿರಲಿಲ್ಲ. ಈ ವಾರ ಓದುಗರಲ್ಲಿ ಹೇಳಿಕೊಳ್ಳಬೇಕೆಂದಿರುವುದು ಇದನ್ನೇ. ಗೆಳತಿಯರು ಸೇರಿ ಹೆಣೆಯುವ, ಉಲ್ಲನ್ ಹಂಚಿಕೊಳ್ಳುವ, ಓದಿದ್ದನ್ನು ಮಾತನಾಡುವ ಆ ಎರಡು ಗಂಟೆ ಆರೋಗ್ಯಕ್ಕೆ ಅಗತ್ಯವಾದ ಹೊತ್ತು. ಮಾತ್ರೆಯ ಹೊತ್ತನ್ನು ತಪ್ಪದಂತೆ ನೋಡಿಕೊಳ್ಳುವ ಮನೆಯವರು ಇದನ್ನೂ ತಪ್ಪದಂತೆ ನೋಡಿಕೊಳ್ಳಬೇಕು.

ಒಂಟಿತನವೂ ಕಾಯಿಲೆಗೆ ದಾರಿ

ಒಂಟಿತನವೆಂದರೆ ಮನೆಯಲ್ಲಿ ಯಾರೂ ಇಲ್ಲದಿರುವುದು ಎಂದೇ ಅರ್ಥವಲ್ಲ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲೂ ತನ್ನ ವಯಸ್ಸಿನವರು, ತನ್ನ ಮಾತು ತಿಳಿಯುವವರು ಇಲ್ಲದೆ ಒಬ್ಬರು ಒಂಟಿಯಾಗಿರಬಹುದು. ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂಬ ಎರಡು ಪ್ರಶ್ನೆಗಳಲ್ಲೇ ದಿನದ ಸಂಭಾಷಣೆ ಮುಗಿದುಹೋಗುವ ಹಿರಿಯರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ.

ವೈದ್ಯಲೋಕ ಈಗ ಇದನ್ನು ಹಗುರವಾಗಿ ಕಾಣುತ್ತಿಲ್ಲ. ಡಾ. ವಿವೇಕ್ ಮೂರ್ತಿ ಅವರ ಹಿರಿಯರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯವರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಅವರು ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಜನಸಂಪರ್ಕವಿಲ್ಲದ ಬದುಕು ಆಯಸ್ಸಿಗೆ ಮಾಡುವ ಕೇಡು ದಿನಕ್ಕೆ 15ರಷ್ಟು ಸಿಗರೇಟು ಸೇದುವ ಕೇಡಿಗೆ ಸಮ ಎಂದು ಅದರಲ್ಲಿ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಖಿನ್ನತೆ, ಮರೆವು ಇವೆಲ್ಲದರ ಅಪಾಯ ಒಂಟಿತನದಿಂದ ಹೆಚ್ಚುತ್ತದೆ. ಹೀಗಿರುವಾಗ ನಾಲ್ಕು ಜನ ಗೆಳತಿಯರ ಕೂಟವನ್ನು ಹರಟೆ ಎಂದು ತಳ್ಳಿಹಾಕುವುದು ಜಾಣತನವಲ್ಲ.

ಕೈ ಕೆಲಸ, ಮನಸ್ಸಿಗೆ ವಿಶ್ರಾಂತಿ

ಹೆಣೆಯುವವರನ್ನು ಒಮ್ಮೆ ಗಮನಿಸಿ ನೋಡಿ. ಒಂದು ಸೀದಾ, ಒಂದು ಉಲ್ಟಾ. ಮತ್ತೆ ಒಂದು ಸೀದಾ, ಒಂದು ಉಲ್ಟಾ. ಎರಡೂ ಕೈ ಒಂದೇ ಲಯದಲ್ಲಿ ಆಡುತ್ತವೆ. ಸಾಲು ಮುಗಿಯುವ ಹೊತ್ತಿಗೆ ಉಸಿರಾಟವೂ ನಿಧಾನವಾಗಿರುತ್ತದೆ. ಹಾರ್ವರ್ಡ್‌ನ ವೈದ್ಯ ಡಾ. ಹರ್ಬರ್ಟ್ ಬೆನ್ಸನ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನಸ್ಸು ಒಂದೇ ಪದ ಅಥವಾ ನಾದದ ಪುನರಾವರ್ತನೆಯಲ್ಲಿ ನೆಲೆಸಿದಾಗ ಹೃದಯ ಬಡಿತ, ಉಸಿರಾಟ ಇಳಿದು ದೇಹ ವಿಶ್ರಾಂತಿಯ ಸ್ಥಿತಿಗೆ ಬರುವುದನ್ನು ವಿವರಿಸಿದ್ದರು. ಜಪಮಾಲೆ ತಿರುಗಿಸುವ ಅಜ್ಜಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಉಲ್ಲನ್ ಕಡ್ಡಿಯ ಪುನರಾವರ್ತನೆಯೂ ಇದೇ ಜಾತಿಯದು.

ಬ್ರಿಟನ್ನಿನ ಸಂಶೋಧಕಿಯರು 31 ದೇಶಗಳ 3,545 ಹೆಣಿಗೆಗಾರರಿಂದ ಪ್ರಶ್ನಾವಳಿಗೆ ಉತ್ತರ ಪಡೆದು 2013ರಲ್ಲಿ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯುವವರು ತಮಗೆ ಹೆಚ್ಚು ನೆಮ್ಮದಿ, ಸಂತೋಷ ಇದೆಯೆಂದರು. ಗುಂಪಿನಲ್ಲಿ ಕುಳಿತು ಹೆಣೆಯುವವರು ಅದರಿಂದ ಸಂತೋಷವೂ ಜನರ ಒಡನಾಟವೂ ಹೆಚ್ಚಿತೆಂದರು. ಅಮೆರಿಕದ ಮೇಯೊ ಕ್ಲಿನಿಕ್‌ನವರು 70ರಿಂದ 89 ವರ್ಷದ 1,321 ಜನರನ್ನು ಕುರಿತು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಸ್ತಕ ಓದುವ, ಹೆಣಿಗೆಯಂಥ ಕೈಕೆಲಸ ಮಾಡುವ ಹಿರಿಯರಲ್ಲಿ ಆರಂಭದ ಹಂತದ ಮರೆವು ಕಡಿಮೆ ಕಂಡುಬಂದಿತ್ತು.

ಇದರಿಂದ ‘ಹೆಣೆದರೆ ಮರೆವು ಬರುವುದೇ ಇಲ್ಲ’ ಎಂದು ತೀರ್ಮಾನಿಸಬಾರದು. ಮೊದಲಿನದು ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಎರಡನೆಯದರಲ್ಲಿ, ನೆನಪು ಚೆನ್ನಾಗಿದ್ದುದರಿಂದಲೇ ಅವರು ಹೆಣೆಯುತ್ತಿದ್ದರು ಎಂದೂ ವಾದಿಸಬಹುದು. ಆದರೂ ಖರ್ಚು ಕಡಿಮೆ, ಅಪಾಯ ಕಡಿಮೆ, ಸಂತೋಷ ಖಚಿತ ಎನ್ನುವ ಅಭ್ಯಾಸವೊಂದನ್ನು ಪ್ರೋತ್ಸಾಹಿಸಲು ಇಷ್ಟು ಆಧಾರ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಹೊಲಿಗೆ, ಚಾಪೆ ಹೆಣೆಯುವುದು, ಮೇಣದ ಬತ್ತಿ ತಯಾರಿಕೆಯಂಥ ಕೆಲಸಗಳನ್ನು ಚಿಕಿತ್ಸೆಯ ಭಾಗವಾಗಿಯೇ ಕೊಡುತ್ತಾರೆ.

ಹಂಚಿಕೊಳ್ಳುವುದರಲ್ಲಿ ಏನಿದೆ?

ಒಬ್ಬರೇ ಕುಳಿತು ಹೆಣೆದರೂ ಲಾಭವಿದೆ. ಆದರೆ ಸಾಗರದ ಆ ಜಗಲಿಯಲ್ಲಿ ನಡೆಯುತ್ತಿದ್ದುದು ಅದಕ್ಕಿಂತ ಹೆಚ್ಚಿನದು.

ಮೊದಲನೆಯದು, ಮಾಡಿದ್ದನ್ನು ತೋರಿಸುವುದು. ‘ಕುತ್ತಿಗೆಗೆ ಎಷ್ಟು ಕುಣಿಕೆ ಬಿಟ್ಟಿರಿ? ಇದು 10ನೇ ನಂಬರಿನ ಕಡ್ಡಿಯೋ, 12ರದೋ?’ ಎಂದು ಒಬ್ಬರು ಕೇಳುವಾಗ ಇನ್ನೊಬ್ಬರು ಗುರುವಾಗುತ್ತಾರೆ. ನಿವೃತ್ತಿ, ವೈಧವ್ಯ, ಊರು ಬಿಟ್ಟ ದುಃಖ ಇವುಗಳ ನಡುವೆ ‘ನನ್ನಿಂದ ಇನ್ನೇನು ಉಪಯೋಗ’ ಎಂಬ ಭಾವನೆ ಬೇರೂರುತ್ತದೆ. ತನಗೆ ತಿಳಿದದ್ದನ್ನು ಮತ್ತೊಬ್ಬರು ಕೇಳಿ ಕಲಿಯುವುದು ಅದಕ್ಕೆ ಒಳ್ಳೆಯ ಮದ್ದು.

ಎರಡನೆಯದು, ಉಲ್ಲನ್ ಕೊಳ್ಳುವುದು. ಇದಕ್ಕೆ ಮನೆಯಿಂದ ಹೊರಡಬೇಕು, ನಡೆಯಬೇಕು, ಬಣ್ಣ ಆರಿಸಬೇಕು. ಒಂದೇ ಬಣ್ಣವಾದರೂ ಲಾಟ್ ನಂಬರ್ ಬೇರೆಯಾದರೆ ಛಾಯೆ ಬದಲಾಗುತ್ತದೆ. ಆದ್ದರಿಂದ ಎಷ್ಟು ಉಂಡೆ ಬೇಕೆಂದು ಮೊದಲೇ ಲೆಕ್ಕ ಹಾಕಿ ಒಟ್ಟಿಗೆ ತರಬೇಕು. ಕಾಲಿಗೂ ತಲೆಗೂ ಕೆಲಸ! ಒಬ್ಬರಲ್ಲಿ ಉಳಿದ ಅರ್ಧ ಉಂಡೆ ಇನ್ನೊಬ್ಬರ ಮೊಮ್ಮಗುವಿನ ಕುಲಾವಿಗೆ ಅಂಚಾಗುತ್ತದೆ.

ಮೂರನೆಯದು, ಪುಸ್ತಕ. ತ್ರಿವೇಣಿಯವರ ‘ಶರಪಂಜರ’ವನ್ನು ನಮ್ಮ ತಾಯಂದಿರು ಕೈಯಿಂದ ಕೈಗೆ ದಾಟಿಸಿ ಓದಿದರು, 1971ರಲ್ಲಿ ಅದು ಪುಟ್ಟಣ್ಣ ಕಣಗಾಲರ ಚಿತ್ರವೂ ಆಯಿತು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಗುಣವಾಗಿ ಮನೆಗೆ ಮರಳಿದರೂ ಮನೆಯವರ ಅನುಮಾನದಿಂದ ಪಾರಾಗದ ಹೆಣ್ಣಿನ ಕಥೆ ಅದು. ಇಂಥ ಪುಸ್ತಕದ ಮಾತು ಬಂದಾಗಲೇ ಯಾರೋ ಒಬ್ಬರು, ‘ನಮ್ಮ ಮಗಳೂ ಬಾಣಂತನದಲ್ಲಿ ಸುಮ್ಮಸುಮ್ಮನೆ ಅಳುತ್ತಾಳೆ, ದೃಷ್ಟಿ ಅಂದುಕೊಂಡಿದ್ದೆವು’ ಎಂದು ಬಾಯಿ ಬಿಡುತ್ತಾರೆ. ‘ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ’ ಎಂದು ಇನ್ನೊಬ್ಬರು ಒತ್ತಾಯಿಸುತ್ತಾರೆ. ಕಣ್ಣು ಕಡ್ಡಿಯ ಮೇಲಿರುವಾಗ, ಮುಖ ನೋಡಿ ಹೇಳಲಾಗದ ಮಾತೂ ಹೊರಗೆ ಬರುತ್ತದೆ. ವೈದ್ಯರ ಬಳಿ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಎಷ್ಟೋ ಹೆಂಗಸರು ಮೊದಲು ಹೇಳಿಕೊಳ್ಳುವುದು ಇಂಥ ಕಡೆ.

ಕೆಲವು ಎಚ್ಚರಿಕೆಗಳು

ಎಷ್ಟೇ ಒಳ್ಳೆಯದಾದರೂ ಮಿತಿ ಬೇಕು. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆರಳು, ಮಣಿಕಟ್ಟು, ಕುತ್ತಿಗೆಗಳನ್ನು ನಿಧಾನವಾಗಿ ಆಡಿಸಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ದಿಂಬಿಟ್ಟು ಮೊಣಕೈಗೆ ಆಸರೆ ಕೊಟ್ಟರೆ ಭುಜ ನೋಯುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಹೆಣಿಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಬೆಳಕು ಹಿಂಬದಿಯಿಂದ, ಭುಜದ ಮೇಲಿನಿಂದ ಕೆಲಸದ ಮೇಲೆ ಬೀಳಲಿ. ಕಪ್ಪು, ಕಡುನೀಲಿ ಉಲ್ಲನ್ ಹಗಲಿನ ಕೆಲಸಕ್ಕಿರಲಿ. ನಲವತ್ತು ದಾಟಿದವರು ಕನ್ನಡಕದ ನಂಬರ್ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಉಣ್ಣೆಯಿಂದ ತುರಿಕೆಯಾಗುವವರು ಹತ್ತಿಯ ದಾರ ಬಳಸಬಹುದು. ಅಕ್ರಿಲಿಕ್ ಉಲ್ಲನ್ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಅದರ ಸ್ವೆಟರ್ ತೊಟ್ಟು ಒಲೆಯ ಮುಂದೆ ನಿಲ್ಲಬೇಡಿ. ಕೂಸಿಗೆ ಹೆಣೆದ ಕೈಚೀಲ, ಕಾಲುಚೀಲಗಳ ಒಳಗೆ ಬಿಡಿ ಎಳೆ ಇರಬಾರದು. ಅದು ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸಬಹುದು. ಕುಲಾವಿಗೆ ಉದ್ದನೆಯ ದಾರವೂ ಬೇಡ.

ಇನ್ನು, ಕೂಟದ ನಡುವೆ ಬಂದು ಕೂರುವ ಕೋಡುಬಳೆ ತಟ್ಟೆಯ ವಿಷಯ. ವಾರಕ್ಕೊಮ್ಮೆ ಎರಡು ತಿಂದರೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಕೈ ಹಿಡಿತದಲ್ಲಿಟ್ಟುಕೊಳ್ಳಲಿ. ಹಾಗೆಯೇ ಕೈಯಲ್ಲಿರುವುದು ಮುಗಿಯುವ ಮೊದಲೇ ಹೊಸ ಉಂಡೆ ಕೊಳ್ಳುವ ಚಪಲವೂ ಒಳ್ಳೆಯದಲ್ಲ!

ಹೆಣಿಗೆಯಿಂದ ಎಲ್ಲವೂ ಗುಣವಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಎರಡು ವಾರ ಮೀರಿ ಬೇಸರ, ನಿದ್ರೆಯಿಲ್ಲದಿರುವುದು, ಊಟ ಸೇರದಿರುವುದು, ಪ್ರೀತಿಯ ಕೆಲಸದಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ಅದು ಖಿನ್ನತೆ ಇರಬಹುದು. ಕಡ್ಡಿ ಕೈಗೆ ಕೊಟ್ಟು ಸುಮ್ಮನಾಗಬೇಡಿ, ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಮಾತು ಬಂದರಂತೂ ತಡ ಮಾಡಲೇಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೊಂದು ಮಾತು

‘ಅಮ್ಮ ಬೇಕಾದರೆ ಹೋಗಲಿ, ನಾವೇನು ಬೇಡ ಅಂದಿದ್ದೇವಾ?’ ಎಂದು ನೀವು ಕೇಳಬಹುದು. ಆದರೆ ಮಧ್ಯಾಹ್ನ ಮೂರೂವರೆಗೆ ಮೊಮ್ಮಗನ ಸ್ಕೂಲ್ ವ್ಯಾನ್ ಬರುತ್ತದೆ. ನಾಲ್ಕಕ್ಕೆ ಅವನಿಗೆ ಹಾಲು, ತಿಂಡಿ. ನಡುವೆ ಕೊರಿಯರ್‌ನವನು, ನೀರಿನ ಕ್ಯಾನಿನವನು. ಇಷ್ಟನ್ನೂ ಅಮ್ಮನ ತಲೆಗೆ ಕಟ್ಟಿ ‘ಹೋಗಬಹುದಲ್ಲ’ ಎಂದರೆ ಅವರು ಹೋಗುವುದು ಹೇಗೆ? ವಾರದಲ್ಲಿ ಒಂದು ಮಧ್ಯಾಹ್ನವನ್ನು ಅವರದೆಂದು ಗೊತ್ತು ಮಾಡಿ. ಅಂದು ಮಗುವನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ನೀವು ಗಂಡಹೆಂಡಿರು ತೀರ್ಮಾನಿಸಿ. ದುಡಿದು ಬರುವ ಸೊಸೆಗೂ ಇಂಥದೊಂದು ಹೊತ್ತು ಬೇಕು ಎಂಬುದನ್ನು ಅತ್ತೆಯೂ ಮರೆಯದಿರಲಿ. ನಿವೃತ್ತರಾಗಿ ಟಿ.ವಿ. ಮುಂದೆ ಕುಳಿತ ಗಂಡಸರಿಗೂ ಈ ಮಾತು ಸಲ್ಲುತ್ತದೆ. ಹೆಣಿಗೆಯೇ ಆಗಬೇಕೆಂದಿಲ್ಲ, ಕೈಗೆ ಒಂದು ಕೆಲಸ, ಅದನ್ನು ನೋಡುವ ಗೆಳೆಯರು ಇಬ್ಬರಿದ್ದರೆ ಸಾಕು.

ಅಂಗಡಿಯ ಸ್ವೆಟರ್ ಅಗ್ಗ ಎಂಬ ಲೆಕ್ಕ ನಿಜವೇ. ಆದರೆ ಆ ಲೆಕ್ಕದಲ್ಲಿ ಅಮ್ಮನ ನಿದ್ರೆ ಸೇರಿಲ್ಲ.

ಆ ತಾಯಿ ಮೂರು ತಿಂಗಳ ನಂತರ ಮತ್ತೆ ಬಂದಿದ್ದರು. ಮಗ ಅಟ್ಟದಿಂದ ಚೀಲ ಇಳಿಸಿಕೊಟ್ಟಿದ್ದರು. ಅದೇ ಕಟ್ಟಡದಲ್ಲಿ ಧಾರವಾಡದವರೊಬ್ಬರು, ಸೇಲಂ ಕಡೆಯವರೊಬ್ಬರು ಜೊತೆಯಾಗಿದ್ದರು. ಸೇಲಂನವರಿಗೆ ಕನ್ನಡ ಓದಲು ಬಾರದು. ಇವರು ಓದಿದ ಕಥೆಯನ್ನು ಬಾಯಲ್ಲೇ ಹೇಳುತ್ತಾರಂತೆ. ಹೆಣೆದದ್ದರ ಫೋಟೋ ಸಾಗರದ ಗೆಳತಿಯರಿಗೂ ಹೋಗುತ್ತದೆ. ಮಂಡಿನೋವು ಹಾಗೆಯೇ ಇದೆ, ರಕ್ತದೊತ್ತಡದ ಮಾತ್ರೆ ಮುಂದುವರಿದಿದೆ. ನಿದ್ರೆ ಮಾತ್ರ ಪರವಾಗಿಲ್ಲ ಎಂದರು. ಮುಂದಿನ ತಪಾಸಣೆಗೆ ಗುರುವಾರ ಬನ್ನಿ ಎಂದೆ. ‘ಗುರುವಾರ ಆಗೋದಿಲ್ಲ ಡಾಕ್ಟರೇ, ಅವತ್ತು ನಾವು ಸೇರ್ತೀವಿ’ ಎಂದರು. ಅವರ ಮಗ ನನಗಿಂತ ಮೊದಲೇ, ‘ಹಾಗಾದರೆ ಶುಕ್ರವಾರ ಕರೆದುಕೊಂಡು ಬರುತ್ತೇನೆ’ ಎಂದರು.

ನಿಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಚೀಲ ಇದ್ದರೆ, ಈ ಭಾನುವಾರ ಇಳಿಸಿಕೊಡಿ.